ಕುದಿಸಿದ ನೀರಿಗೆ ಕೈ ಅದ್ದಬೇಡಿ

ನೀರು ಕುದಿಸುವ ಮನೆಗಳಿಗೆ ಈಗ ಕೊರತೆಯಿಲ್ಲ. ಎಡವಟ್ಟಾಗುವುದು ಆಮೇಲೆ, ಅದನ್ನು ತುಂಬಿಟ್ಟು ತೆಗೆಯುವಾಗ. ಆಮಶಂಕೆ ತರುವ ಅಮೀಬಾ, ವಾರಗಟ್ಟಲೆ ಹೊಟ್ಟೆ ಕೆಡಿಸುವ ಜಿಯಾರ್ಡಿಯಾ, ಎರಡೂ ಮಲದಿಂದ ಕೈಗೆ, ಕೈಯಿಂದ ನೀರಿಗೆ ದಾಟುವ ಪರೋಪಜೀವಿಗಳು. ನಾಲ್ಕೈದು ದಿನಕ್ಕೊಮ್ಮೆ ನಲ್ಲಿ ಬರುವ ಊರುಗಳಲ್ಲಿ ಅವಕ್ಕೆ ಬೇಕಾದಷ್ಟು ಸಮಯ.

ಬಟ್ಟೆಯಲ್ಲಿ ಸೋಸಿದರೆ ಸಾಲದೇ ಎನ್ನುವವರಿದ್ದಾರೆ. ನಾರುಹುಣ್ಣಿನ ಕಾಲಕ್ಕೆ ಸಾಕಿತ್ತು. ಅದನ್ನು ತರುವ ಹುಳುವಿನ ಮರಿ ಹೊತ್ತ ನೀರುಜೀವಿ ಬರಿಗಣ್ಣಿಗೆ ಚುಕ್ಕೆಯಂತೆ ಕಾಣುವಷ್ಟು ದೊಡ್ಡದು. ಕರ್ನಾಟಕವನ್ನೂ ಕಾಡಿದ್ದ ಆ ರೋಗದಿಂದ ದೇಶ ಮುಕ್ತವೆಂದು 2000ದಲ್ಲಿ ಘೋಷಣೆಯಾಯಿತು. ಜಿಯಾರ್ಡಿಯಾ ಕೋಶವಾದರೋ ಮಿಲಿಮೀಟರಿನ ನೂರನೇ ಒಂದು ಭಾಗ, ಸೀರೆಯ ಎಳೆಗಳ ನಡುವೆ ಸಲೀಸಾಗಿ ನುಸುಳುತ್ತದೆ. ತಾಮ್ರದ ಬಿಂದಿಗೆ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಸರಿ. ಪರೋಪಜೀವಿಗಳ ವಿಷಯದಲ್ಲಿ ಅದನ್ನು ನೆಚ್ಚಬೇಡಿ.

ಮೊದಲು ಪಾತ್ರೆ ಆರಿಸಿ: ಕೈ ತೂರದಷ್ಟು ಕಿರಿದಾದ ಬಾಯಿ, ಬಿಗಿ ಮುಚ್ಚಳ, ಬುಡದಲ್ಲಿ ನಲ್ಲಿ. ಕೀಟನಾಶಕ ತುಂಬಿದ್ದ ಕ್ಯಾನ್ ಎಷ್ಟು ತೊಳೆದರೂ ಬೇಡ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಡಿ. ಮೂರು ನಿಮಿಷ ಬೇಕಾಗುವುದು ಸುಮಾರು 2000 ಮೀಟರ್ ದಾಟಿದ ಎತ್ತರದಲ್ಲಿ; ನಮ್ಮ ಮುಳ್ಳಯ್ಯನಗಿರಿಯೂ ಅಷ್ಟಿಲ್ಲ. ಮುಚ್ಚಿಯೇ ಆರಿಸಿ, ತೊಳೆದ ಪಾತ್ರೆಗೆ ಸುರಿಯಿರಿ.

ಇನ್ನು ಅಸಲಿ ತಕರಾರು ಲೋಟದ್ದು. ಬಹುತೇಕ ಮನೆಗಳಲ್ಲಿ ಸ್ಟೀಲ್ ಡ್ರಮ್ಮಿನ ಮುಚ್ಚಳದ ಮೇಲೇ ಅದು ಬೋರಲು ಬಿದ್ದಿರುತ್ತದೆ. ಬಾಯಾರಿದ ಮಗು ಓಡಿಬಂದು ಲೋಟದ ಅಂಚಿಗೆ ಹೆಬ್ಬೆರಳು ಸಿಕ್ಕಿಸಿ ಅದ್ದುತ್ತದೆ. ನೀರು ತಳ ಸೇರಿದ್ದರೆ ಮೊಣಕೈವರೆಗೂ ಒಳಗೆ. ಉಗುರಿನ ಸಂದಿಯಲ್ಲಿ ಇದ್ದದ್ದೆಲ್ಲ ನೀರುಪಾಲು, ಕುದಿಸಿದ ಗ್ಯಾಸು ದಂಡ. ದೊಡ್ಡವರೇನೂ ಕಡಿಮೆಯಿಲ್ಲ, ಎಂಜಲು ಲೋಟವನ್ನೇ ಮತ್ತೆ ಅದ್ದುತ್ತಾರೆ! 1980ರ ದಶಕದಲ್ಲಿ ಕಲ್ಕತ್ತದ ಕೊಳೆಗೇರಿಗಳಲ್ಲಿ ಕಾಲರಾ ತಗುಲಿದ ಮನೆಗಳಿಗೆ ‘ಸೊರಾಯಿ’ ಎಂಬ ಕಿರುಗತ್ತಿನ ಹೂಜಿ ಕೊಟ್ಟು ನೋಡಿದ್ದರು. ಸೋಂಕು ಗಣನೀಯವಾಗಿ ಇಳಿಯಿತು. ಕಾಲರಾ ಬ್ಯಾಕ್ಟೀರಿಯಾದ ಕಾಯಿಲೆಯಾದರೂ ಹರಡುವ ದಾರಿ ಇದೇ.

ನಲ್ಲಿಯ ಪಾತ್ರೆ ಕೊಳ್ಳಲಾಗದಿದ್ದರೆ ಉದ್ದ ಹಿಡಿಯ ಸೌಟು ಸಾಕು. ಅದನ್ನು ಗೋಡೆಯ ಮೊಳೆಗೆ ತೂಗುಹಾಕಿ, ಡ್ರಮ್ಮಿನೊಳಗೆ ಬಿಡಬೇಡಿ.

ಹಳೆಯ ನೀರಿನ ಮೇಲೆ ಹೊಸದು ಸುರಿಯಬೇಡಿ. ಖಾಲಿ ಮಾಡಿ, ನಲ್ಲಿಯ ಮೂತಿಯನ್ನೂ ಉಜ್ಜಿ, ಒಣಗಿಸಿ ತುಂಬಿ. ಕ್ಲೋರಿನ್ ಮಾತ್ರೆ ಹಾಕಿದ್ದೇವೆಂದು ಕುದಿಸುವುದನ್ನು ಬಿಡಬೇಡಿ; ಕ್ರಿಪ್ಟೊಸ್ಪೊರಿಡಿಯಂ ಎಂಬ ಇನ್ನೊಂದು ಪರೋಪಜೀವಿ ಅದಕ್ಕೆ ಜಗ್ಗುವುದಿಲ್ಲ. ಭೇದಿಯಾದವರು ನೀರು ತುಂಬಿಸುವ ಕೆಲಸಕ್ಕೆ ಬೇಡ. ವಾರವಾದರೂ ನಿಲ್ಲದಿದ್ದರೆ ಅಂಗಡಿಯ ಮಾತ್ರೆ ನುಂಗುತ್ತ ಕೂರದೆ ವೈದ್ಯರನ್ನು ಕಂಡು ಮಲಪರೀಕ್ಷೆ ಮಾಡಿಸಿ.