ಚಿನ್ನದ ಮೇಜಿಗೆ ಒದ್ದೆ ಬಟ್ಟೆ ಬೇಡ

ಇಂಗ್ಲೆಂಡಿನ ಹರಾಜುಗಳಲ್ಲಿ ‘ವಿಲಿಯಂ ಕೆಂಟ್ ಶೈಲಿ’ಯ ಮೇಜುಗಳು ಆಗಾಗ ಬರುತ್ತವೆ. ರೆಕ್ಕೆ ಬಿಚ್ಚಿದ ಹದ್ದು, ಚಿಪ್ಪು, ಎಲೆಬಳ್ಳಿಗಳ ಕೆತ್ತನೆ, ಮೇಲೆ ಅಮೃತಶಿಲೆಯ ಹಾಸು, ಮೈಯೆಲ್ಲ ಚಿನ್ನ. ಚಿಸ್ವಿಕ್ ಹೌಸ್, ಹೌಟನ್ ಹಾಲ್‌ಗಳಂಥ ಪಲ್ಲಾಡಿಯನ್ ವಾಸ್ತುಶೈಲಿಯ ಬಂಗಲೆಗಳ ಒಳಾಂಗಣ ರೂಪಿಸಿದ ಕೆಂಟ್ (1685–1748) ಜನಪ್ರಿಯಗೊಳಿಸಿದ ಈ ಠೀವಿಯನ್ನು ಮುಂದಿನ ಶತಮಾನಗಳೂ ಧಾರಾಳವಾಗಿ ನಕಲು ಮಾಡಿವೆ. ಹಾಗಾಗಿ ಮುಂಭಾಗಕ್ಕೆ ಮರುಳಾಗಬೇಡಿ. ಟಾರ್ಚ್ ಹಿಡಿದು ಅಡಿಭಾಗ, ಹಿಂಭಾಗ ನೋಡಿ. ಮರದ ಮೇಲೆ ವೃತ್ತಾಕಾರದ ಗರಗಸದ ಗೀರುಗಳಿದ್ದರೆ ಆ ಹಲಗೆ 18ನೇ ಶತಮಾನದ ಮೊದಲರ್ಧದ್ದಲ್ಲ.

ಚಿನ್ನವನ್ನೂ ಹತ್ತಿರದಿಂದ ನೋಡಿ. ಮರಕ್ಕೆ ಸೀಮೆಸುಣ್ಣದ ಪುಡಿ, ಪ್ರಾಣಿಜನ್ಯ ಅಂಟು ಬೆರೆಸಿ ಹಲವು ಪದರ ಬಳಿದು, ಅದರ ಮೇಲೆ ನುಣುಪಾದ ಜೇಡಿ, ಸಾಮಾನ್ಯವಾಗಿ ಕೆಂಪು ಬಣ್ಣದ್ದು, ಹಚ್ಚಿ, ನೀರು ಸವರಿ ತೆಳು ರೇಕು ಕೂರಿಸುತ್ತಿದ್ದರು. ಕೈ ತಾಗಿ ಸವೆದ ಏಣುಗಳಲ್ಲಿ ಆ ಕೆಂಪು ಇಣುಕುತ್ತದೆ. ಯಾರ ಕೈಯೂ ತಾಗದ ಸಂದಿಯಲ್ಲೂ ಸವೆತ ಕಂಡರೆ ಅನುಮಾನಿಸಿ. ಮಂಕಾಗಿ ಕಂದು ತಿರುಗಿದ್ದರೆ ಅದು ಹಿತ್ತಾಳೆ ಪುಡಿಯ ಬಣ್ಣ ಇರಬಹುದು; ಅಪ್ಪಟ ಚಿನ್ನ ಕಪ್ಪಾಗದು.

ಮನೆಗೆ ತಂದ ಮೇಲೆ ಒದ್ದೆ ಬಟ್ಟೆ, ಪಾಲಿಶ್ ಎರಡೂ ಬೇಡ. ನೀರಿಗೆ ಅಂಟು ಕರಗಿ ಚಿನ್ನ ಬಟ್ಟೆಗೇ ಬಂದೀತು! ಮೆತ್ತನೆಯ ಒಣ ಕುಂಚ ಸಾಕು. ಚಕ್ಕೆ ಎದ್ದಿದ್ದರೆ ಅದೂ ಬೇಡ, ಹಳೆಯ ಚಿನ್ನದ ಲೇಪ ಬಲ್ಲ ಸಂರಕ್ಷಕರನ್ನು ಕರೆಸಿ.