ಗಾಜಿನ ತೊಟ್ಟಿಯ ಮೀನುಗಳ ಉಸಿರು

ಮುಂಜಾನೆ ಮೀನುಗಳು ನೀರಿನ ಮೇಲ್ಗಡೆಗೆ ಬಂದು ಬಾಯಿ ತೆರೆಯುತ್ತಿದ್ದರೆ ಅದನ್ನು ಹಸಿವೆಂದು ತಿಳಿಯಬಾರದು. ಹೆಚ್ಚಾಗಿ ಅದು ಆಮ್ಲಜನಕದ ಕೊರತೆ. ಒಡನೆ ತೊಟ್ಟಿಯ ನೀರನ್ನೇ ಲೋಟದಿಂದ ಮೊಗೆದು ಮೇಲಿನಿಂದ ಸುರಿಯುತ್ತಿರಬೇಕು. ಆಮ್ಲಜನಕವು ನೀರಿನಲ್ಲಿ ಕರಗುವುದು ಮುಖ್ಯವಾಗಿ ಮೇಲ್ಮೈಯಲ್ಲಿ. ಸದ್ದುಮಾಡುವ ಪಂಪಿನ ಗುಳ್ಳೆಗಳೂ ಬಹುಮಟ್ಟಿಗೆ ನೀರನ್ನು ಕಲಕುವ ಕೆಲಸವನ್ನೇ ಮಾಡುತ್ತವೆ. ಆದುದರಿಂದ ಅಗಲವಾದ ತೊಟ್ಟಿಯೇ ಲೇಸು. ದುಂಡು ಬೋಗುಣಿ ನೋಟಕ್ಕೆ ಚೆಲುವೇನೋ ಸರಿ. ಕಂಠದವರೆಗೆ ತುಂಬಿದೊಡನೆ ಅದರ ಮೇಲ್ಮೈ ಕಿರಿದಾಗುತ್ತದೆ.

20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು. 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ. ಬೇಸಿಗೆಯಲ್ಲಿ ಮೀನುಗಳು ಕಡಿಮೆಯಿರಲಿ. ಮಿಕ್ಕ ಆಹಾರವನ್ನು ತೆಗೆದುಬಿಡಿರಿ. ಅದು ಕೊಳೆಯುವಾಗಲೂ ಆಮ್ಲಜನಕವು ವ್ಯಯವಾಗುತ್ತದೆ. ಜಲಸಸ್ಯಗಳು ಬೆಳಕಿನಲ್ಲಿ ಆಮ್ಲಜನಕವನ್ನು ಬಿಡುತ್ತವೆಯಾದರೂ ಇರುಳೆಲ್ಲ ಅವೂ ಮೀನುಗಳಂತೆ ಅದನ್ನು ಹೀರುತ್ತಲೇ ಇರುತ್ತವೆ. ಮೀನುಗಳು ಮುಂಜಾನೆಯೇ ಬಳಲುವುದು ಇದರಿಂದ.