ಯಾಸುಕೆಯ ಜಗಳ

ವಿಜಯಪುರ

ಚಿರಂಜೀವಿ ತಮ್ಮನಿಗೆ ಅಜ್ಜನ ಆಶೀರ್ವಾದಗಳು.

  ವಿಡಿಯೊ ಗೇಮಿನ ಸಲುವಾಗಿ ನೀನು ರೂಮಿನ ಗೆಳೆಯನ ಜೊತೆ ಮಾತು ಬಿಟ್ಟಿದ್ದೀ ಎಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಜಪಾನಿನ ಇತಿಹಾಸದ ಆಟದಲ್ಲಿ ಕರಿಯನೊಬ್ಬ ಸಮುರಾಯಿ ನಾಯಕನಾಗಬಹುದೇ ಎಂಬುದು ತಂಟೆಯಂತೆ. ಜೀವಮಾನವೆಲ್ಲ ಇತಿಹಾಸ ಪಾಠ ಮಾಡಿದವನು ಇದನ್ನು ಕೇಳಿ ಸುಮ್ಮನೆ ಕೂಡುವುದು ಹೇಗೆ?

2025ರ ಮಾರ್ಚಿನಲ್ಲಿ ಬಂದ ಆ 'ಅಸಾಸಿನ್ಸ್ ಕ್ರೀಡ್ ಶ್ಯಾಡೋಸ್' ಆಟದ ಕರಿಯ ನಾಯಕ ಯಾಸುಕೆ ಕಟ್ಟುಕತೆಯಲ್ಲ. 1579ರಲ್ಲಿ ಇಟಲಿಯ ಜೆಸ್ವಿಟ್ ಪಾದ್ರಿ ವಲಿನ್ಯಾನೊ ಜಪಾನಿಗೆ ಹೋದಾಗ ಜೊತೆಗಿದ್ದವನು ಅವನು. 1581ರಲ್ಲಿ ಕ್ಯೋಟೊದ ಜನ ಅವನನ್ನು ನೋಡಲು ಮುಗಿಬಿದ್ದರು. ಗದ್ದಲ ಕೇಳಿ ಕರೆಸಿಕೊಂಡ ಅಲ್ಲಿನ ಪ್ರಬಲ ದೊರೆ ಓದಾ ನೊಬುನಾಗ, ಇವನು ಮೈಗೆ ಮಸಿ ಬಳಿದುಕೊಂಡಿದ್ದಾನೆಂದು ಅನುಮಾನಪಟ್ಟು ಸೊಂಟದವರೆಗೆ ಬಟ್ಟೆ ತೆಗೆಸಿ ತೊಳೆಸಿ ನೋಡಿದ. ಮರುವರ್ಷ ಅವನನ್ನು ಕಂಡ ಸಾಮಂತನೊಬ್ಬ ದಿನಚರಿಯಲ್ಲಿ ಎತ್ತರವನ್ನೂ ಬರೆದಿಟ್ಟ. ನಮ್ಮ ಲೆಕ್ಕಕ್ಕೆ ಸುಮಾರು ಆರು ಅಡಿ ಎರಡು ಅಂಗುಲ. ನೊಬುನಾಗ ಯಾಸುಕೆಗೆ ಮನೆ, ಸಂಬಳ, ಚಿಕ್ಕ ಕತ್ತಿ ಕೊಟ್ಟನೆಂಬುದು ನೊಬುನಾಗನ ಚರಿತ್ರೆಯ ಒಂದು ಹಸ್ತಪ್ರತಿಯಲ್ಲಿದೆ, ಎಲ್ಲ ಪ್ರತಿಗಳಲ್ಲಿಲ್ಲ. 1582ರ ಜೂನಿನಲ್ಲಿ ಅವನದೇ ಸರದಾರ ಅಕೆಚಿ ಮಿತ್ಸುಹಿದೆ ತಿರುಗಿಬಿದ್ದು ನೊಬುನಾಗ ಸತ್ತ ಮೇಲೆ ಯಾಸುಕೆಯನ್ನು ಪಾದ್ರಿಗಳ ಬಳಿಗೆ ಕಳಿಸಿಬಿಟ್ಟರು. ಅಲ್ಲಿಂದಾಚೆ ಅವನ ಸುಳಿವಿಲ್ಲ.

ಇಷ್ಟೇ ನೋಡು ತಮ್ಮಾ, ಒಂದು ಹಾಳೆಯೊಳಗೆ ಮುಗಿಯುವ ಬದುಕು. ಅವನು ದಂಡು ನಡೆಸಿದ, ಕೋಟೆ ಗೆದ್ದ ಎಂದು ನೀನು ಗೆಳೆಯನ ಮುಂದೆ ಹೇಳಿದ್ದು ಆಟದವರು ತುಂಬಿದ್ದು, ದಾಖಲೆ ಹೇಳಿದ್ದಲ್ಲ. ತುಂಬಲಿ ಬಿಡು. ಸಂಗೊಳ್ಳಿ ರಾಯಣ್ಣನ ಬಯಲಾಟದಲ್ಲಿ ಅವನ ಬಾಯಿಂದ ಬರುವ ಮಾತೆಲ್ಲ ಯಾವ ದಫ್ತರದಲ್ಲಿವೆ? ಆದರೆ ವಾದಕ್ಕೆ ಇಳಿದ ಮೇಲೆ ಯಾವುದು ಕಾಗದದ್ದು, ಯಾವುದು ಕಲ್ಪನೆಯದು ಎಂದು ಬೇರೆ ಮಾಡಿಕೊಂಡೇ ಮಾತಾಡಬೇಕು.

ನಿನ್ನ ಗೆಳೆಯನ ಸಿಟ್ಟೆಲ್ಲ ಪೊಳ್ಳು ಎಂದೂ ನಾನು ಹೇಳುವುದಿಲ್ಲ. ಹಿಮೇಜಿಯಲ್ಲಿ ಇಂದಿಗೂ ಪೂಜೆ ನಡೆಯುವ ಗುಡಿಯೊಂದರ ಒಳಗಿನ ಸಾಮಾನುಗಳನ್ನು ಆಟದಲ್ಲಿ ಒಡೆದು ಪುಡಿಮಾಡಬಹುದಿತ್ತು. ಜಪಾನಿನ ಸಂಸತ್ತಿನಲ್ಲಿ ಪ್ರಶ್ನೆ ಎದ್ದಿತು, ಆಗಿನ ಪ್ರಧಾನಿ ಇಶಿಬಾ ಉತ್ತರ ಕೊಡಬೇಕಾಯಿತು, ಕಂಪನಿ ಆಟವನ್ನು ತಿದ್ದಿತು. ಅದು ನ್ಯಾಯವಾದ ತಕರಾರು. ಆದರೆ ಇದೇ ಸರಣಿಯಲ್ಲಿ 2007ರಿಂದ ನಾಯಕರು ಗೋಪುರದ ತುದಿಯಿಂದ ಹುಲ್ಲಿನ ರಾಶಿಗೆ ಹಾರಿ, ಮೈ ಕೊಡವಿಕೊಂಡು ಎದ್ದು ಹೋಗುತ್ತಿದ್ದಾರಂತೆ. ಆಗ ಇತಿಹಾಸ ಯಾರಿಗೂ ನೆನಪಾಗಲಿಲ್ಲ. ದಾಖಲೆಯಲ್ಲಿ ಹೆಸರಿರುವ ಮನುಷ್ಯ ಬಂದಾಗಲೇ ನೆನಪಾಯಿತು!

2018ರ 'ಕಿಂಗ್‌ಡಮ್ ಕಮ್: ಡೆಲಿವರೆನ್ಸ್' ಆಟದ ಮೇಲೆ ಬಂದದ್ದು ಇದರ ಉಲ್ಟಾ ದೂರು. 1403ರ ಬೊಹೀಮಿಯಾದ ಕತೆಯಲ್ಲಿ ಬಿಳಿಯರು ಬಿಟ್ಟು ಬೇರೆ ಯಾರೂ ಏಕಿಲ್ಲ ಎಂದು. ನಾಲ್ಕಾರು ಹಳ್ಳಿಗಳ ಕತೆಗೆ ಅದನ್ನು ಮಾಡಿದ ಝೆಕ್ ತಂಡದ ಸಮರ್ಥನೆಯನ್ನು ಒಪ್ಪಬಹುದು ಎನ್ನುವವನು ನಾನು. 2025ರ ಎರಡನೆಯ ಆಟ ಬೆಳ್ಳಿ ಗಣಿಯ ಪಟ್ಟಣವಾದ ಕುಟ್ನಾ ಹೋರಾಕ್ಕೆ ಹೋಯಿತು. ಅಲ್ಲಿ ಯೆಹೂದಿಗಳ ಕೇರಿ ಬಂತು, ಮಾಲಿ ದೇಶದ ಪಂಡಿತ ಮೂಸಾ ಬಂದ. ಮೊದಲ ಆಟವನ್ನು ಹೊತ್ತು ಮೆರೆಸಿದವರಲ್ಲೇ ಕೆಲವರು ಆಗ ಕಂಪನಿಯ ಮೇಲೆ ಹರಿಹಾಯ್ದರು. ಮೂಸಾ ಕಲ್ಪಿತ ಪಾತ್ರವೇ ಸರಿ. ಆದರೆ ಬೆಳ್ಳಿ ಇದ್ದಲ್ಲಿಗೆ ದೂರದವರು ಬಂದೇ ಬರುತ್ತಾರೆ. ಆ ಪಟ್ಟಣಕ್ಕೆ 1300ರ ಹೊತ್ತಿಗೇ ನಾಣ್ಯ ಹೊಡೆಯಲು ಇಟಲಿಯವರು ಬಂದಿದ್ದರು. ಯಾವ ಊರು, ಯಾವ ಇಸವಿ ಎಂದು ಕೇಳದೆ ಈ ಜಗಳ ಬಗೆಹರಿಯುವುದಿಲ್ಲ.

ಈಗ ನಮ್ಮೂರನ್ನೇ ತಗೋ. ವಲಿನ್ಯಾನೊ ಜಪಾನಿಗಿಂತ ಮೊದಲು ಇದ್ದದ್ದು ಗೋವೆಯಲ್ಲಿ. ಪೋರ್ಚುಗೀಸರು 1510ರಲ್ಲಿ ಕಸಿದುಕೊಳ್ಳುವ ತನಕ ಆ ಗೋವೆ ವಿಜಾಪುರದ ಆದಿಲ್‌ಶಾಹಿಗಳದು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿಗಳ ಹಿರಿಯರಲ್ಲಿ ಹಲವರು ಗುಲಾಮರಾಗಿ ಬಂದಿಳಿದದ್ದೂ ಅದೇ ಗೋವೆಗೆ. ಯಾಸುಕೆ ಕಣ್ಮರೆಯಾದ 1582ರಲ್ಲೇ ಇಲ್ಲಿ ವಿಜಾಪುರದಲ್ಲಿ ದಿಲಾವರ್ ಖಾನನೆಂಬ ಹಬ್ಷಿ ಸರದಾರ, ಆಫ್ರಿಕಾ ಮೂಲದವನು, ಬಾಲಕ ಸುಲ್ತಾನ ಎರಡನೆಯ ಇಬ್ರಾಹಿಂನ ಹೆಸರಿನಲ್ಲಿ ಅಧಿಕಾರ ಹಿಡಿದ. ಸುಮಾರು 1590ರವರೆಗೆ ರಾಜ್ಯ ನಡೆಸಿದ. ಅಲ್ಲಿ ಒಬ್ಬನಿಗೆ ಚಿಕ್ಕ ಕತ್ತಿ ಸಿಕ್ಕಿತೋ ಇಲ್ಲವೋ ಎಂದು ನೀವು ಮಾತು ಬಿಡುತ್ತೀರಿ, ಇಲ್ಲಿ ಇಡೀ ಸಂಸ್ಥಾನವೇ ಒಬ್ಬನ ಕೈಯಲ್ಲಿತ್ತು.

ಗೋಳಗುಮ್ಮಟದಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಂಡವನಲ್ಲವೇ ನೀನು? ಅಲ್ಲಿ ಮಲಗಿರುವ ಮುಹಮ್ಮದ್ ಆದಿಲ್‌ಶಾನ ಮಂತ್ರಿ ಇಖ್ಲಾಸ್ ಖಾನನೂ ಹಬ್ಷಿಯೇ. ಹೈದರ್ ಅಲಿ, ಇಬ್ರಾಹಿಂ ಖಾನ್ ಎಂಬ ಚಿತ್ರಕಾರರು ಸುಮಾರು 1645ರಲ್ಲಿ ಬರೆದ ಚಿತ್ರವೊಂದಿದೆ: ಒಂದೇ ಆನೆಯ ಮೇಲೆ ಸುಲ್ತಾನ, ಅವನ ಹಿಂದೆಯೇ ಖಾನ. ಮೊಬೈಲಿನಲ್ಲಿ ಹುಡುಕು, ಸಿಗುತ್ತದೆ. ನಾಳೆ ಯಾರಾದರೂ ವಿಜಾಪುರದ ಆಟ ಮಾಡಿ ಈ ಖಾನನನ್ನೇ ನಾಯಕನನ್ನಾಗಿಸಿದರೆ ನಮ್ಮವರೇ ಮೊದಲು ಬೊಬ್ಬೆ ಹಾಕುತ್ತಾರೆ ಎಂಬ ಗುಮಾನಿ ನನಗಿದೆ.

ಈ ಕಾಗದವನ್ನು ಗೆಳೆಯನಿಗೂ ತೋರಿಸು. ದೀಪಾವಳಿಗೆ ಬರುವಾಗ ಅವನನ್ನೂ ಕರೆದುಕೊಂಡು ಬಾ. ಗುಮ್ಮಟ ತೋರಿಸುವ ಕೆಲಸ ನನಗಿರಲಿ, ಶೇಂಗಾ ಹೋಳಿಗೆಯದು ಅಜ್ಜಿಗೆ. ಆ ಗೇಮಿನ ಪೆಟ್ಟಿಗೆಯನ್ನೂ ತಾ. ನಮ್ಮ ಟಿವಿಗೆ ಅದು ಹೊಂದುತ್ತದೆಯೋ ಇಲ್ಲವೋ, ಮೊದಲೇ ಕೇಳಿಕೊಂಡು ಬಾ.

ನಿನ್ನ
ಅಜ್ಜ